ಕೂಗಾಡಿದರೆ ಸಿಟ್ಟು ಇಳಿಯುತ್ತದೆಯೇ?

ಪರೀಕ್ಷೆಯಲ್ಲಿ ನಪಾಸು, ಕೈತಪ್ಪಿದ ಕೆಲಸ, ಒಣಗಿದ ಬೆಳೆ, ಮುರಿದ ಸಂಬಂಧ. ಪೆಟ್ಟು ಯಾವುದೇ ಇರಲಿ, ಅದರ ಬೆನ್ನಿಗೇ ಬುದ್ಧಿಮಾತು ಬರುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತುಗಳಲ್ಲಿ ಎಷ್ಟೋ ಉರಿಯುವ ಬೆಂಕಿಗೆ ತುಪ್ಪ ಸುರಿಯುವಂಥವು.

ನಂಬಿಕೆ: "ಒಳಗೇ ಇಟ್ಕೋಬೇಡ. ಕೂಗಾಡು, ಏನಾದ್ರೂ ಎತ್ತಿ ಒಗೆದುಬಿಡು, ಹಗುರಾಗ್ತೀಯ."

ಸತ್ಯ: ಸಿಟ್ಟನ್ನು ಹೊರಗೆ ಬಿಡದಿದ್ದರೆ ಮನುಷ್ಯ ಸಿಡಿದುಹೋಗುತ್ತಾನೆ ಎಂಬ ಎಣಿಕೆ ಇದರ ಹಿಂದಿದೆ. ದೊಡ್ಡವರ ಬೆಂಬಲವೂ ಇದಕ್ಕೆ ಸಿಕ್ಕಿತ್ತು: ಅದುಮಿಟ್ಟ ಭಾವವನ್ನು ಹೊರಹಾಕಿದರೆ ರೋಗ ವಾಸಿಯಾಗುತ್ತದೆಂದು ವೈದ್ಯರಾದ ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲೇ ಬರೆದಿದ್ದರು. ಕೇಳಲು ಸರಿಯೆನಿಸುವ ಈ ಮಾತು ಪ್ರಯೋಗದಲ್ಲಿ ನಿಲ್ಲಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. 600 ಕಾಲೇಜು ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿ, ಅದನ್ನು ಹೀನಾಯವಾಗಿ ಜರೆದು ಸಿಟ್ಟೆಬ್ಬಿಸಿದರು. ಕೆಲವರು ಜರೆದವನನ್ನೇ ನೆನೆಯುತ್ತ ಬಾಕ್ಸಿಂಗ್ ಚೀಲಕ್ಕೆ ಗುದ್ದಿದರು. ಇನ್ನು ಕೆಲವರು ಗುದ್ದುವುದು ವ್ಯಾಯಾಮ ಎಂದುಕೊಂಡು ಗುದ್ದಿದರು. ಉಳಿದವರು ಏನೂ ಮಾಡದೆ ಎರಡು ನಿಮಿಷ ಸುಮ್ಮನೆ ಕೂತರು. ಆಮೇಲೆ ನೋಡಿದರೆ, ಜರೆದವನನ್ನು ನೆನೆದು ಗುದ್ದಿದವರಲ್ಲೇ ಸಿಟ್ಟು ಹೆಚ್ಚಿತ್ತು, ಸೇಡು ತೀರಿಸುವ ಅವಕಾಶ ಕೊಟ್ಟಾಗ ಅವರೇ ಹೆಚ್ಚು ಒರಟಾಗಿ ನಡೆದರು. ಸುಮ್ಮನೆ ಕೂತವರೇ ವಾಸಿ.

ಗುದ್ದಿದ ಗಳಿಗೆಯಲ್ಲಿ ಹಾಯೆನಿಸುವುದು ಸುಳ್ಳಲ್ಲ. ಮೋಸ ಇರುವುದೂ ಅಲ್ಲೇ. ಆ ಹಾಯಿಗಾಗಿ ಮುಂದಿನ ಸಲವೂ ಕೈ ಮೇಲೇಳುತ್ತದೆ. 2024ರಲ್ಲಿ ಸಂಶೋಧಕಿ ಸೋಫಿ ಕ್ಯಾರ್ವಿಕ್ ಮತ್ತು ಬುಷ್‌ಮನ್ 154 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ದೀರ್ಘ ಉಸಿರಾಟ, ಧ್ಯಾನ, ನಿಧಾನಗತಿಯ ಯೋಗದಂತೆ ಮೈಯ ಕಾವನ್ನು ಇಳಿಸುವ ಕೆಲಸಗಳಿಂದ ಸಿಟ್ಟೂ ಇಳಿದಿತ್ತು. ಕಾವೇರಿಸುವ ಕೆಲಸಗಳಿಂದ ಒಟ್ಟಾರೆ ಉಪಯೋಗ ಕಾಣಲಿಲ್ಲ. ಜಾಗಿಂಗ್ ಅಂತೂ ಸಿಟ್ಟನ್ನು ಏರಿಸಿತ್ತು. (ಓಟ ಹೃದಯಕ್ಕೆ ಒಳ್ಳೆಯದೇ, ಬಿಡಬೇಡಿ. ಜಗಳವಾಡಿದ ಮರುಗಳಿಗೆಗೆ ಅದು ಮದ್ದಲ್ಲ, ಅಷ್ಟೆ.) ಕೆಲಸದಿಂದ ತೆಗೆದ ಮೇಲಧಿಕಾರಿಗೆ ರಾತ್ರಿ ಹನ್ನೊಂದಕ್ಕೆ ಕಳಿಸಬೇಕೆನಿಸುವ ವಾಟ್ಸಾಪ್ ವಾಯ್ಸ್ ಮೆಸೇಜನ್ನೂ ನಾನು ಇದೇ ಗುದ್ದಿನ ಲೆಕ್ಕಕ್ಕೆ ಸೇರಿಸುತ್ತೇನೆ.

ಹಾಗಾದರೆ ಯಾರ ಹತ್ತಿರವೂ ಹೇಳಿಕೊಳ್ಳಬಾರದೇ? ಹೇಳಿಕೊಳ್ಳಬೇಕು. ಆದರೆ "ಅವನನ್ನ ಸುಮ್ನೆ ಬಿಟ್ಯಾ?" ಎಂದು ಕೆರಳಿಸುವ ಗೆಳೆಯನ ಮುಂದೆ ಅದೇ ಕಥೆಯನ್ನು ನಾಲ್ಕನೇ ಸಲ ಒಪ್ಪಿಸುವುದಕ್ಕೂ, "ಸರಿ, ಈಗ ಏನ್ ಮಾಡೋಣ?" ಎನ್ನುವವನ ಜೊತೆ ಕೂರುವುದಕ್ಕೂ ಬಹಳ ವ್ಯತ್ಯಾಸವಿದೆ.

ನಂಬಿಕೆ: "ಮನಸ್ಸಿಗೆ ಹಚ್ಕೋಬೇಡ, ಮರೆತುಬಿಡು."

ಸತ್ಯ: ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರ ಪ್ರಯೋಗದಲ್ಲಿ ಕೆಲವರಿಗೆ "ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ" ಎಂದರು. ಅವರು ಗಂಟೆ ಬಾರಿಸುತ್ತಲೇ ಇದ್ದರು. ಆಮೇಲೆ ನೆನೆಯಲು ಬಿಟ್ಟಾಗ, ಮೊದಲಿಂದ ನೆನೆಯುತ್ತಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು. ಮರೆಯಲೆಂದು ಕುಡಿಯುವವರ ಗತಿಯೂ ಬೇರೆಯಲ್ಲ: ಮದ್ಯ ಬೇಗ ನಿದ್ದೆ ಹತ್ತಿಸಿದರೂ ನಡುರಾತ್ರಿ ಎಬ್ಬಿಸುತ್ತದೆ, ಮೇಲಾಗಿ ಕೈ-ಬಾಯಿಗಳ ಹಿಡಿತ ತಪ್ಪಿಸುತ್ತದೆ.

ನಂಬಿಕೆ: ದುಃಖಕ್ಕೆ ಐದು ಮೆಟ್ಟಿಲು, ಒಂದೊಂದನ್ನೂ ದಾಟಲೇಬೇಕು.

ಸತ್ಯ: ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರ ಪುಸ್ತಕದಲ್ಲಿ ಈ ಮೆಟ್ಟಿಲುಗಳನ್ನು ಬರೆದದ್ದು ಸಾವಿನಂಚಿನ ರೋಗಿಗಳ ಬಗ್ಗೆ. ಕೆಲಸ ಕಳೆದುಕೊಂಡವರಿಗೆ, ಪ್ರೀತಿಯಲ್ಲಿ ಸೋತವರಿಗೆ ಅದನ್ನು ಅಂಟಿಸಿದ್ದು ಆಮೇಲೆ. ಎಲ್ಲರೂ ಅದೇ ಕ್ರಮದಲ್ಲಿ ಸಾಗುತ್ತಾರೆಂಬುದಕ್ಕೆ ಆಧಾರವಿಲ್ಲ. ಸಿಟ್ಟೂ ಆ ಮೆಟ್ಟಿಲುಗಳಲ್ಲೊಂದು, ಹಾಗೆಂದು "ನನಗಿನ್ನೂ ಸಿಟ್ಟೇ ಬಂದಿಲ್ಲವಲ್ಲ" ಎಂದು ಗಾಬರಿಯಾಗಬೇಕಿಲ್ಲ.

ನಂಬಿಕೆ: "ಸಾಯ್ತೀನಿ ಅನ್ನೋರು ಸಾಯಲ್ಲ. ಆ ಮಾತು ಎತ್ತಿದ್ರೆ ನಾವೇ ತಲೆಗೆ ಹುಳ ಬಿಟ್ಟ ಹಾಗೆ."

ಸತ್ಯ: ಎರಡೂ ತಪ್ಪು, ಎರಡೂ ಅಪಾಯ. ಆತ್ಮಹತ್ಯೆ ಮಾಡಿಕೊಂಡವರಲ್ಲಿ ಅನೇಕರು ಮೊದಲೇ ಯಾರ ಬಳಿಯಾದರೂ ಸುಳಿವು ಕೊಟ್ಟಿರುತ್ತಾರೆ. "ಬದುಕೋದೇ ಬೇಡ ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆಗೆ ಮಾತು ಸಿಗುತ್ತದೆ. ತೀರ್ಮಾನಿಸಿದವರನ್ನು ತಡೆಯಲಾಗದು ಎನ್ನುವವರು ಶ್ರೀಲಂಕೆಯನ್ನು ನೋಡಬೇಕು. ಅಲ್ಲಿ ಅತಿ ವಿಷಕಾರಿ ಕೀಟನಾಶಕಗಳಿಗೆ ಕಡಿವಾಣ ಹಾಕಿದ ಮೇಲೆ, 1995ರಿಂದ 2005ರ ನಡುವೆ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಸಾಯಬೇಕೆಂಬ ಆವೇಗ ಬಹಳಷ್ಟು ಸಲ ಬಂದು ಹೋಗುವಂಥದ್ದು. ಆ ಹೊತ್ತಿಗೆ ವಿಷ ಕೈಗೆಟುಕದಿದ್ದರೆ ಜೀವ ಉಳಿಯಬಹುದು. ಬೆಳೆ ಕೈಕೊಟ್ಟ ಮನೆಯಲ್ಲಿ ಕೀಟನಾಶಕದ ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ಬೇರೆಯವರ ಕೈಗೆ ಕೊಡುವುದು ಸಣ್ಣ ಕೆಲಸವಲ್ಲ.

ನಂಬಿಕೆ: "ಸಾಯೋಕೆ ಹೋದೋರನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಪೊಲೀಸ್ ಕೇಸು, ಜೈಲು."

ಸತ್ಯ: ಈ ಹೆದರಿಕೆಯಿಂದ ಮನೆಯವರು ಚಿಕಿತ್ಸೆಯನ್ನೇ ತಡ ಮಾಡುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್. ಆರೈಕೆ, ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ. ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಗೆ ಬರಲೇ ಇಲ್ಲ; ಸರ್ಕಾರಿ ನೌಕರರನ್ನು ಮಣಿಸಲೆಂದು ಯತ್ನಿಸುವುದು ಮಾತ್ರ ಅಪರಾಧವಾಗಿ ಉಳಿದಿದೆ.

ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತನಾಡಬಹುದು. ನೊಂದವರೇ ಮಾಡಬೇಕೆಂದಿಲ್ಲ, ಪಕ್ಕದಲ್ಲಿ ಕೂತವರೂ ಮಾಡಬಹುದು.