ಲಕ್ವದ ಸಾವಿನ ಲೆಕ್ಕ: ರೋಗಿ ದೇವದುರ್ಗದವರು, ದಾಖಲೆ ರಾಯಚೂರಿನದು

ನಗರವೊಂದರಲ್ಲಿ ಪಾರ್ಶ್ವವಾಯುವಿನ ಸಾವುಗಳು ಏರುತ್ತಿವೆಯೇ, ಇಳಿಯುತ್ತಿವೆಯೇ? ಅಂಕಿಗಳನ್ನು ಕೂಡಿದರೆ ಉತ್ತರ ದೊರೆಯುವುದೆಂದು ತೋರಬಹುದು. ಆದರೆ ಆ ಅಂಕಿಗಳನ್ನು ಓದುವಾಗ ಎಚ್ಚರ ಅಗತ್ಯ. ರಾಯಚೂರು ಇದಕ್ಕೆ ನಿದರ್ಶನ.

ಜನರ ಮಾತಿನಲ್ಲಿ ‘ಲಕ್ವ’ ಎನಿಸಿಕೊಂಡ ಈ ರೋಗ, ಮಿದುಳಿಗೆ ರಕ್ತ ಒಯ್ಯುವ ನಾಳ ಹೆಪ್ಪಿನಿಂದ ಮುಚ್ಚಿಕೊಂಡಾಗ ಅಥವಾ ಒಡೆದಾಗ ಉಂಟಾಗುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಯಾವುದೆಂದು ಖಚಿತಪಡಿಸಿಕೊಳ್ಳಲು ಮಿದುಳಿನ ಸ್ಕ್ಯಾನ್ ಆಗಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ 4.5 ಗಂಟೆಯೊಳಗೆ ನೀಡಬೇಕು.

ದೇವದುರ್ಗ, ಮಾನ್ವಿ ಪಟ್ಟಣಗಳು ಜಿಲ್ಲಾ ಕೇಂದ್ರದಿಂದ ಸುಮಾರು 50 ಕಿ.ಮೀ. ದೂರದಲ್ಲಿವೆ. ಅಲ್ಲಿನ ರೋಗಿ ರಾಯಚೂರಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರೆ, 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮರಣ ಸಂಭವಿಸಿದ ಸ್ಥಳದಲ್ಲಿಯೇ ನೋಂದಣಿಯಾಗುತ್ತದೆ. ವಾಸಸ್ಥಳವನ್ನು ಬೇರ್ಪಡಿಸಿ ನೋಡದಿದ್ದರೆ ನಗರದ ಲೆಕ್ಕ ಹಿಗ್ಗುತ್ತದೆ, ತಾಲ್ಲೂಕಿನದು ಕುಗ್ಗುತ್ತದೆ.

ಇನ್ನೊಂದು ತೊಡಕೂ ಇದೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಮರಣಗಳ ಪೈಕಿ ಶೇ 22.5ಕ್ಕೆ ಮಾತ್ರ ವೈದ್ಯಕೀಯವಾಗಿ ದೃಢೀಕರಿಸಿದ ಕಾರಣವಿತ್ತು. ಮನೆಯಲ್ಲಿಯೇ ಸಂಭವಿಸಿದ ಲಕ್ವದ ಸಾವು ಅನೇಕ ವೇಳೆ ಕಾರಣವಿಲ್ಲದ ಸಾವಾಗಿಯೇ ಉಳಿಯುತ್ತದೆ. ಜನರು ಹೆಚ್ಚಾಗಿ ಆಸ್ಪತ್ರೆಗೆ ಬರತೊಡಗಿದರೆ, ರೋಗ ಹೆಚ್ಚದಿದ್ದರೂ ದಾಖಲಾದ ಸಾವುಗಳು ಹೆಚ್ಚಬಹುದು.

ವಯಸ್ಸನ್ನೂ ಗಮನಿಸಬೇಕು. ಜಾಗತಿಕ ಅಂದಾಜಿನಂತೆ 1990ರಿಂದ 2019ರವರೆಗೆ ಪಾರ್ಶ್ವವಾಯುವಿನ ಸಾವುಗಳ ಸಂಖ್ಯೆ ಶೇ 43ರಷ್ಟು ಏರಿತು; ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ಲೆಕ್ಕ ಹಾಕಿದ ಪ್ರಮಾಣ ಶೇ 36ರಷ್ಟು ಇಳಿಯಿತು. ಇದರಲ್ಲಿ ವಿರೋಧಾಭಾಸವಿಲ್ಲ. ಜನಸಂಖ್ಯೆ ಬೆಳೆದಿದೆ, ವೃದ್ಧರು ಹೆಚ್ಚಿದ್ದಾರೆ.

ಇದು ಕೇವಲ ಲೆಕ್ಕದ ವಿಚಾರವಲ್ಲ. ಸ್ಕ್ಯಾನ್ ಯಂತ್ರ, ತಜ್ಞ ವೈದ್ಯರು, ಆಂಬುಲೆನ್ಸ್ ಎಲ್ಲಿರಬೇಕೆಂಬ ತೀರ್ಮಾನಕ್ಕೆ ಈ ಅಂಕಿಗಳೇ ಆಧಾರವಾಗುತ್ತವೆ. ತಾಲ್ಲೂಕಿನ ಸಾವು ನಗರದ ಖಾತೆಗೆ ಹೋದರೆ ತಾಲ್ಲೂಕಿನ ಅಗತ್ಯವೂ ಮರೆಯಾಗುತ್ತದೆ. ಆದ್ದರಿಂದ ರೋಗಿಯ ಊರು, ಲಕ್ಷಣ ಆರಂಭವಾದ ಸಮಯ, ಆಸ್ಪತ್ರೆ ತಲುಪಿದ ಸಮಯ, ಈ ಮೂರನ್ನೂ ದಾಖಲಿಸಿ ವಿಶ್ಲೇಷಿಸಬೇಕು.

ಓದುಗರು ಮಾಡಬಹುದಾದುದೂ ಇದೆ. ರಕ್ತದೊತ್ತಡವನ್ನು ಆಗಾಗ್ಗೆ ಪರೀಕ್ಷಿಸಿಕೊಳ್ಳಬೇಕು. ಯಾರಿಗಾದರೂ ಹಠಾತ್ತನೆ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ನಾಟಿ ಔಷಧಿಗೆಂದು ಅಲೆದು ಕಳೆದ ಹೊತ್ತು ಮತ್ತೆ ಸಿಗದು.