ಇಳಿಜಾರಿನ ಅಳತೆ: ಶೇಕಡಾವಾರೂ ಡಿಗ್ರಿಯೂ

ಮೇಲ್ಮಣ್ಣು ಮಳೆಯ ನೀರಿನೊಡನೆ ಕೊಚ್ಚಿಹೋಗದಂತೆ ಹೊಲಕ್ಕೆ ಒಡ್ಡು ಹಾಕಿಸುವ ರೈತರು ಮೊದಲು ತಿಳಿಯತಕ್ಕದ್ದು ಹೊಲದ ಇಳಿಜಾರನ್ನು. ಇದನ್ನು ಹೇಳುವುದಕ್ಕೆ ಎರಡು ವಾಡಿಕೆಗಳುಂಟು. ಮಟ್ಟವಾಗಿ ನೂರು ಮೀಟರು ಸಾಗುವಷ್ಟರಲ್ಲಿ ನೆಲವು ಎಷ್ಟು ಮೀಟರು ಇಳಿಯುವುದೋ ಅದು ಶೇಕಡಾವಾರು. ನೆಲವು ಮಟ್ಟದ ಗೆರೆಯೊಡನೆ ಮಾಡುವ ಕೋನವು ಡಿಗ್ರಿ. ಒಡ್ಡಿನ ಲೆಕ್ಕಗಳು ಸಾಮಾನ್ಯವಾಗಿ ಶೇಕಡಾವಾರಿನಲ್ಲಿರುತ್ತವೆ. ಈಗಿನ ಮೊಬೈಲ್ ಫೋನುಗಳಾದರೋ ಓರೆಯನ್ನು ಹೆಚ್ಚಾಗಿ ಡಿಗ್ರಿಯಲ್ಲಿ ತೋರಿಸುತ್ತವೆ. ತೊಡಕು ಹುಟ್ಟುವುದು ಇಲ್ಲಿಯೇ.

ಎರಡು ಒಡ್ಡುಗಳ ನಡುವೆ ಇರಬೇಕಾದ ಎತ್ತರದ ಅಂತರಕ್ಕೆ ಬಳಕೆಯಲ್ಲಿರುವ ಒಂದು ಸೂತ್ರವಿದು: ಶೇಕಡಾವಾರನ್ನು 3ರಿಂದ ಭಾಗಿಸಿ, 2ನ್ನು ಕೂಡಿಸಿ, 0.3ರಿಂದ ಗುಣಿಸಿದರೆ ಮೀಟರಿನಲ್ಲಿ ಉತ್ತರ ಬರುತ್ತದೆ. ಮಳೆ, ಮಣ್ಣುಗಳನ್ನು ನೋಡಿ ಇದರ ಅಂಕೆಗಳನ್ನು ಬದಲಿಸುವುದುಂಟು. ಶೇಕಡಾ 3ರ ಹೊಲಕ್ಕೆ ಈ ಅಂತರ 0.9 ಮೀಟರು, ಅಂದರೆ 30 ಮೀಟರಿಗೊಂದು ಒಡ್ಡು. ಆದರೆ 3 ಡಿಗ್ರಿ ಎಂದರೆ ಶೇಕಡಾ 5.24. ಅಂಥ ಹೊಲಕ್ಕೆ ಇದೇ ಸೂತ್ರವು ಸುಮಾರು 21 ಮೀಟರಿಗೊಂದು ಒಡ್ಡನ್ನು ವಿಧಿಸುತ್ತದೆ. ಡಿಗ್ರಿಯನ್ನೇ ಶೇಕಡಾ ಎಂದು ಬಗೆದು 30 ಮೀಟರು ಬಿಟ್ಟರೆ, ನಡುವೆ ನೆಲವು ಒಂದೂವರೆ ಮೀಟರಿಗೂ ಮಿಕ್ಕು ಇಳಿಯುವುದರಿಂದ ನೀರು ವೇಗಗೊಂಡು ಒಡ್ಡನ್ನು ದಾಟಿ ಒಡೆಯುವ ಭಯವುಂಟು. ಮೇಲಿನ ಒಡ್ಡು ಒಡೆದ ಬಳಿಕ ಕೆಳಗಿನವು ಉಳಿಯುವುದೂ ಕಷ್ಟ.

ಶೇಕಡಾವಾರನ್ನು 100ರಿಂದ ಭಾಗಿಸಿದರೆ ಬರುವುದು ಆ ಕೋನದ ಟ್ಯಾಂಜೆಂಟು. ಕೋಷ್ಟಕವಿಲ್ಲದವರು ಡಿಗ್ರಿಯನ್ನು 1.75ರಿಂದ ಗುಣಿಸಿ ಶೇಕಡಾವಾರನ್ನೂ, ಶೇಕಡಾವಾರನ್ನು 0.57ರಿಂದ ಗುಣಿಸಿ ಡಿಗ್ರಿಯನ್ನೂ ಪಡೆಯಬಹುದು. ಶೇಕಡಾ 10ಕ್ಕೆ 5.7 ಡಿಗ್ರಿ, ಶೇಕಡಾ 20ಕ್ಕೆ 11.3. ಇಲ್ಲಿಯವರೆಗೆ ಈ ಲೆಕ್ಕ ನಂಬತಕ್ಕದ್ದೇ. ಕಡಿದಾದ ಗುಡ್ಡಕ್ಕೆ ಇದು ಸಲ್ಲದು: ಶೇಕಡಾ 50ಕ್ಕೆ ನಿಜವಾದ ಕೋನ 26.6 ಡಿಗ್ರಿಯಾದರೆ ಗುಣಾಕಾರವು 28.5 ಎನ್ನುತ್ತದೆ. ಶೇಕಡಾ 100 ಎಂದರೆ ನೆಟ್ಟಗಿನ ಗೋಡೆಯೆಂದು ತಿಳಿದವರೂ ಉಂಟು. ಅದು 45 ಡಿಗ್ರಿ ಮಾತ್ರ. ನೆಟ್ಟಗಿನ ಗೋಡೆಗೆ ಶೇಕಡಾವಾರೇ ಇಲ್ಲ.

ಡಿಗ್ರಿಯ ಗೊಡವೆಯೇ ಬೇಡವೆಂಬವರಿಗೆ ಎರಡು ಮೀಟರಿನ ನೇರವಾದ ಹಲಗೆಯೂ ರಸಮಟ್ಟವೂ ಸಾಕು. ಹಲಗೆಯ ಮೇಲುತುದಿಯನ್ನು ನೆಲಕ್ಕೆ ತಾಗಿಸಿ, ಮಟ್ಟವಾಗಿ ಹಿಡಿದು, ಕೆಳತುದಿಯಿಂದ ನೆಲಕ್ಕಿರುವ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಅರ್ಧಮಾಡಿದರೆ ಅದೇ ಶೇಕಡಾವಾರು. 10 ಸೆಂಟಿಮೀಟರು ಇದ್ದರೆ ಶೇಕಡಾ 5. ಉಳುಮೆಯ ಸಾಲಿನಲ್ಲಾಗಲಿ ಹೆಂಟೆಯ ಮೇಲಾಗಲಿ ಹಲಗೆಯನ್ನು ಇಡಬಾರದು. ನೀರು ಹರಿಯುವ ದಿಕ್ಕಿನಲ್ಲಿಯೇ ಐದಾರು ಕಡೆ ಅಳೆದು ಸರಾಸರಿ ತೆಗೆಯತಕ್ಕದ್ದು. ಹೊಲದ ಮೇಲರ್ಧಕ್ಕೂ ಕೆಳಗಿನರ್ಧಕ್ಕೂ ಇಳಿಜಾರು ಎದ್ದುಕಾಣುವಷ್ಟು ಬೇರೆಯಾಗಿದ್ದರೆ ಎರಡಕ್ಕೂ ಪ್ರತ್ಯೇಕವಾಗಿ ಲೆಕ್ಕ ಹಾಕತಕ್ಕದ್ದು.