ಹೊಡೆದ ಹಕ್ಕಿಯನ್ನು ಹುಡುಕದಿದ್ದರೆ ಅಪರಾಧ!

ಅಮೆರಿಕದ ಹಲವು ರಾಜ್ಯಗಳಲ್ಲಿ ಪ್ರತಿವರ್ಷ ಸೆಪ್ಟೆಂಬರ್ 1ರಂದು ಬೆಳವ ಹಕ್ಕಿಗಳ ಬೇಟೆಯ ಋತು ಆರಂಭವಾಗುತ್ತದೆ. ಸೂರ್ಯಕಾಂತಿ, ಗೋಧಿ ಬೆಳೆದ ಹೊಲಗಳ ಅಂಚಿನಲ್ಲಿ ಬೇಟೆಗಾರರು ಕೋವಿ ಹಿಡಿದು ಕಾಯುತ್ತಾರೆ. ಉದುರಿದ ಕಾಳು ಹೆಕ್ಕಲು ಬರುವ 'ಮೌರ್ನಿಂಗ್ ಡವ್' ಎಂಬ ಬೆಳವವೇ ಅವರ ಮುಖ್ಯ ಗುರಿ. ಶೋಕಿಸುವಂತೆ ಕೇಳಿಸುವ ಕೂಗಿನಿಂದಾಗಿ ಇದಕ್ಕೆ ಈ ಹೆಸರು ಬಂದಿದೆ.

ಹಕ್ಕಿ ನೆಲಕ್ಕುರುಳಿದ ಮಾತ್ರಕ್ಕೆ ಬೇಟೆಗಾರನ ಹೊಣೆ ಮುಗಿಯುವುದಿಲ್ಲ. ಕೊಂದ ಅಥವಾ ಗಾಯಗೊಳಿಸಿದ ಹಕ್ಕಿಯನ್ನು ಹುಡುಕಿ ವಶಕ್ಕೆ ಪಡೆಯಲು ಸೂಕ್ತ ಪ್ರಯತ್ನ ಮಾಡಲೇಬೇಕು ಎನ್ನುತ್ತದೆ ಅಲ್ಲಿನ ಫೆಡರಲ್ ನಿಯಮ. ಜೀವಂತವಾಗಿ ಸಿಕ್ಕ ಗಾಯಾಳು ಹಕ್ಕಿಯನ್ನು ನರಳಲು ಬಿಡದೆ ತಕ್ಷಣ ಕೊಂದು, ದಿನದ ಲೆಕ್ಕಕ್ಕೆ ಸೇರಿಸಬೇಕು. ಸಾಮಾನ್ಯವಾಗಿ ಒಬ್ಬರಿಗೆ ದಿನಕ್ಕೆ 15 ಹಕ್ಕಿಗಳ ಮಿತಿ ಇದೆ. ಹೊಲದಲ್ಲೇ ಬಿಟ್ಟುಹೋದ ಹಕ್ಕಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಹೀಗೆ ಬಿಡುವುದು ಹೆಚ್ಚಿದಷ್ಟೂ ಮಿತಿಗೆ ಅರ್ಥವಿಲ್ಲದಂತಾಗುತ್ತದೆ.

ಹುಡುಕಾಟ ಏಕೆ ಕಷ್ಟ?

ಸುಮಾರು 120 ಗ್ರಾಂ ತೂಗುವ ಈ ಹಕ್ಕಿಯ ಮೈಬಣ್ಣ ಕಂದು. ಒಣಗಿದ ಕೂಳೆ ಮತ್ತು ಮಣ್ಣಿನ ನಡುವೆ ಬಿದ್ದರೆ ಎರಡು ಹೆಜ್ಜೆ ದೂರದಿಂದಲೂ ಕಾಣಿಸದು. ರೆಕ್ಕೆಗಷ್ಟೇ ಪೆಟ್ಟಾಗಿದ್ದರೆ ನಡೆದುಹೋಗಿ ಪೊದೆಯಲ್ಲಿ ಅಡಗುತ್ತದೆ.

ಆದ್ದರಿಂದ ಅನುಭವಿಗಳು ಹಕ್ಕಿ ಬಿದ್ದ ಜಾಗದಿಂದ ಕಣ್ಣು ಕೀಳದೆ ನೇರವಾಗಿ ಅಲ್ಲಿಗೆ ನಡೆಯುತ್ತಾರೆ. ಮೊದಲ ಹಕ್ಕಿ ಸಿಗುವವರೆಗೆ ಎರಡನೆಯದಕ್ಕೆ ಗುರಿಯಿಡುವುದಿಲ್ಲ. ಸಿಗದಿದ್ದರೆ ಟೊಪ್ಪಿಗೆಯನ್ನು ಗುರುತಿಗಾಗಿ ನೆಲದ ಮೇಲಿಟ್ಟು, ಅದರ ಸುತ್ತ ವೃತ್ತವನ್ನು ಹಿಗ್ಗಿಸುತ್ತಾ ಹುಡುಕುತ್ತಾರೆ. ದಟ್ಟ ಪೊದೆ, ಎತ್ತರದ ಪೈರಿನ ಕಡೆಗೆ ಹಾರುವ ಹಕ್ಕಿಗೆ ಗುಂಡು ಹಾರಿಸುವುದನ್ನೇ ತಪ್ಪಿಸುತ್ತಾರೆ.

ಲ್ಯಾಬ್ರಡಾರ್‌ನಂತಹ ನಾಯಿಗಳು ವಾಸನೆ ಹಿಡಿದು ಹಕ್ಕಿಯನ್ನು ಬಾಯಲ್ಲಿ ಕಚ್ಚಿ ತರುತ್ತವೆ. ಆದರೆ ಸೆಪ್ಟೆಂಬರ್ ಬಿಸಿಲು ಅವುಗಳ ಪ್ರಾಣಕ್ಕೇ ಎರವಾಗಬಲ್ಲದು. ಸುಲಭವಾಗಿ ಉದುರುವ ಬೆಳವದ ಗರಿಗಳು ನಾಯಿಯ ಬಾಯಿಗೆ ಅಂಟಿಕೊಳ್ಳುವುದರಿಂದ ಆಗಾಗ್ಗೆ ನೀರು ಕುಡಿಸಿ, ನೆರಳಿನಲ್ಲಿ ವಿಶ್ರಾಂತಿ ನೀಡಬೇಕಾಗುತ್ತದೆ.

ಇತಿಹಾಸದ ಪಾಠ

ಇಂತಹ ಕಟ್ಟುಪಾಡಿನ ಹಿಂದೆ ಕಹಿ ಇತಿಹಾಸವಿದೆ. ಒಂದು ಕಾಲದಲ್ಲಿ ಉತ್ತರ ಅಮೆರಿಕದ ಆಕಾಶವನ್ನೇ ಮುಚ್ಚುವಂತೆ ಹಾರುತ್ತಿದ್ದ 'ಪ್ಯಾಸೆಂಜರ್ ಪಿಜನ್' ಪಾರಿವಾಳಗಳು ಕೋಟಿಗಟ್ಟಲೆ ಇದ್ದವು. ಮಾರಾಟಕ್ಕಾಗಿ ನಡೆದ ಮಿತಿಯಿಲ್ಲದ ಬೇಟೆ ಮತ್ತು ಅರಣ್ಯನಾಶ ಅವುಗಳನ್ನು ನಿರ್ನಾಮ ಮಾಡಿದವು. ಕೊನೆಯದಾಗಿ ಉಳಿದಿದ್ದ 'ಮಾರ್ಥಾ' ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತದ್ದು 1914ರಲ್ಲಿ, ಅದೂ ಸೆಪ್ಟೆಂಬರ್ 1ರಂದೇ. ನಾಲ್ಕು ವರ್ಷಗಳ ಬಳಿಕ, 1918ರಲ್ಲಿ, ಅಮೆರಿಕ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆಯನ್ನು ಜಾರಿಗೆ ತಂದಿತು. ಇಂದಿನ ಬೇಟೆ ನಿಯಮಗಳಿಗೆ ಅದೇ ಆಧಾರ.

ಭಾರತದ ಹಾದಿ ಬೇರೆ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಂದ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ಅವಕಾಶವೇ ಇಲ್ಲ. ಕರ್ನಾಟಕದ ಹೊಲಗಳಲ್ಲಿ ಕಾಳು ಹೆಕ್ಕುವ ಬೆಳವಗಳಿಗೂ ಇದೇ ಕಾನೂನಿನ ರಕ್ಷಣೆಯಿದೆ.